ಮಂಗಟ್ಟೆಯ ಮುಂದೆ ನಿಂತವಳು

ಮೂರನೆಯ ದಿನವೂ ಆ ಹೆಂಗಸು ಬಂದಾಗ ಜಗದೀಶನಿಗೆ ಖಾತ್ರಿಯಾಯಿತು. ಇವಳು ಚಿತ್ರ ನೋಡಲು ಬಂದವಳಲ್ಲ.

ಕುಮಟಾದ ಸಭಾಭವನದಲ್ಲಿ ಅವನು ತೆಗೆದ ಹದಿನೆಂಟು ಕಪ್ಪು-ಬಿಳುಪು ಚಿತ್ರಗಳ ಪ್ರದರ್ಶನವಿತ್ತು. ಎಲ್ಲವೂ ಕಾಡಿನ ಪ್ರಾಣಿ, ಪಕ್ಷಿಗಳ ಮುಖ. ಜನ ಒಂದು ಸುತ್ತು ಹಾಕಿ, ಸಿಂಗಳೀಕದ ಎದುರು ಸೆಲ್ಫಿ ತೆಗೆದುಕೊಂಡು ಹೋಗುತ್ತಿದ್ದರು. ಆಕೆ ಮಾತ್ರ ಕದಲುತ್ತಿರಲಿಲ್ಲ. ಮೋಡ ಕವಿದ ದಿನವೂ ಕಪ್ಪು ಕನ್ನಡಕ ಹಾಕಿಕೊಂಡೇ ಬರುವಳು. ಒಳಗಿನ ಮಬ್ಬು ಬೆಳಕಿನಲ್ಲಿ ಅದನ್ನು ತೆಗೆದು, ಮಂಗಟ್ಟೆ ಹಕ್ಕಿಯ ಚಿತ್ರಕ್ಕೆ ಮೂಗು ತಾಗುವಷ್ಟು ಹತ್ತಿರ ನಿಲ್ಲುವಳು.

ಅದೇ ಚಿತ್ರ! ಗೂಡಿನ ಬಳಿ ಹೋಗಿ, ಹಕ್ಕಿಯನ್ನು ಬೆದರಿಸಿ ತೆಗೆದದ್ದೆಂದು ಯಾರೋ ವಾಟ್ಸಾಪ್‌ನಲ್ಲಿ ಹರಿಬಿಟ್ಟಿದ್ದರು. ವಿಚಾರಣೆಗೆ ಅರಣ್ಯ ಇಲಾಖೆಯ ಜನ ಬರುತ್ತಾರೆಂಬ ಮಾತೂ ಇತ್ತು.

ನಿಜ ಬೇರೆಯೇ ಇತ್ತು. ಸಂತೆಗುಳಿಯ ಆಚೆಯ ಕಾಡಿನಲ್ಲಿ ಅವನು ಹನ್ನೊಂದು ದಿನ ದೂರದಲ್ಲೇ ಕೂತಿದ್ದ. ಜೋಡಿ ಕಳೆದುಕೊಂಡ ಗಂಡು ಹಕ್ಕಿ ದಿನವೂ ಬಂದು ಗೂಡಿದ್ದ ಮರದ ಖಾಲಿ ಪೊಟರೆಯ ಎದುರು ಕೂರುತ್ತಿತ್ತು. ಹೆಂಡತಿ ಮಾಲಿನಿ ತೀರಿಕೊಂಡ ವರ್ಷವದು. ಹಕ್ಕಿ ಪೊಟರೆಯನ್ನು ನೋಡುತ್ತಿತ್ತು. ಇವನು ಹಕ್ಕಿಯನ್ನು ನೋಡುತ್ತಿದ್ದ. ಇದನ್ನೆಲ್ಲ ಯಾರ ಬಳಿ ಹೇಳಿಕೊಳ್ಳುವುದು? ಬಂದವರು ಹೇಳುತ್ತಿದ್ದದ್ದು ಒಂದೇ: "ಕಲರ್ ಇದ್ದಿದ್ರೆ ಚಂದ ಇತ್ತು ಮಾರಾಯ್ರೇ, ಕೊಕ್ಕಿನ ಹಳದಿಯೇ ಹೋಯ್ತಲ್ಲ!"

ಇವಳೊಬ್ಬಳು ಹಾಗೆನ್ನಲಿಲ್ಲ. ಬದಲಿಗೆ ಬಂದವರನ್ನೆಲ್ಲ ನಿಲ್ಲಿಸಿ ಕೇಳುತ್ತಿದ್ದಳು.

"ಇದ್ರಲ್ಲಿ ನಿಮಗೆ ಎಂತೆಂತ ಕಾಣ್ತದೆ?"

"ಹಕ್ಕಿ. ಕರಿ ಮೈ, ಬಿಳಿ ಕುತ್ತಿಗೆ, ಬೂದಿ ಕೊಕ್ಕು," ಎಂದಿದ್ದರು ನಿನ್ನೆ ಒಬ್ಬ ಟೀಚರು.

"ಮತ್ತೆಂತದೂ ಇಲ್ವಾ? ಸರಿಯಾಗಿ ನೋಡಿ ಹೇಳಿ."

"ಎಂತದೂ ಇಲ್ಲ."

ಸಾಕ್ಷಿ ಸಿಕ್ಕವಳಂತೆ ಆಕೆ ತಲೆಯಾಡಿಸಿದ್ದಳು.

ಇವತ್ತು ಆಕೆಯ ಕೆನ್ನೆ ಒದ್ದೆಯಾಗಿತ್ತು. ಜಗದೀಶ ತಡೆಯಲಾರದೆ ಎದ್ದು ಹತ್ತಿರ ಹೋದ. ಎಲ್ಲಿಂದಲೋ ಅವಸರದಲ್ಲಿ ಓಡಿ ಬಂದವಳಂತೆ ಕಂಡಳು. ಒಂದು ಚಪ್ಪಲಿಯ ಪಟ್ಟಿ ಕೆಂಪು, ಇನ್ನೊಂದರದು ಹಸಿರು.

"ಅಕ್ಕಾ, ನಿಮ್ಮನ್ನ ಯಾರು ಕಳಿಸಿದ್ದು?"

"ಯಾರೂ ಇಲ್ಲ. ನಾನು ಗಂಗೆ ಅಂತ. ಹೊನ್ನಾವರದಿಂದ ಬಸ್ಸಿಗೆ ಬರೂದು."

"ಮತ್ತೆ ಮೂರು ದಿನದಿಂದ ಎಲ್ಲರ ಹತ್ರ ಎಂತ ವಿಚಾರಿಸ್ತಾ ಇದ್ರಿ? ನಾನು ಗೂಡಿನ ಹತ್ರ ಕಾಲೇ ಇಟ್ಟವನಲ್ಲ!"

ಅಷ್ಟಕ್ಕೇ ನಿಲ್ಲಿಸಲು ಅವನಿಂದಾಗಲಿಲ್ಲ. ಯಾರಿಗೂ ಹೇಳದ ಮಾತುಗಳೆಲ್ಲ ಗುರುತಿಲ್ಲದವಳ ಮುಂದೆ ಹೊರಬಿದ್ದವು: ಹನ್ನೊಂದು ದಿನ, ಖಾಲಿ ಪೊಟರೆ, ಮಾಲಿನಿ. ಅವನು ಮುಗಿಸಿದ ಮೇಲೆ ಗಂಗೆ ಸೆರಗಿನಿಂದ ಕಣ್ಣೊರೆಸಿಕೊಂಡಳು.

"ಅದು ಒಂಟಿ ಹಕ್ಕಿ ಅಂತ ನಂಗೆ ಮೊದಲನೇ ದಿನವೇ ಗೊತ್ತಾತು," ಎಂದಳು.

"ಹಾಗಾದ್ರೆ ಬೇರೆಯವರ ಹತ್ರ ಕೇಳಿದ್ದು ಯಾಕೆ?"

ಹೇಳಲೋ ಬೇಡವೋ ಎಂಬಂತೆ ಗಂಗೆ ಸಭಾಂಗಣದ ಬಾಗಿಲ ಕಡೆ ನೋಡಿದಳು. ಹೊರಗೆ ಬಿಸಿಲಿತ್ತು.

"ಹುಟ್ಟಿದಾಗಿಂದ ನಂಗೆ ಬಣ್ಣ ಅಂದ್ರೆ ಎಂತ ಅಂತಲೇ ಗೊತ್ತಿಲ್ಲ, ಅಣ್ಣಾ. ನಂಗೆ ಕಾಣೂದಷ್ಟೇ ಉಳಿದವರಿಗೂ ಕಾಣೂದು ಈ ಕೋಣೆಲಿ ಮಾತ್ರ."