ಕೆಂಪು ದೀಪದ ಫೋನು

ಆ ಕಾಲದಲ್ಲಿ ಎಲ್ಲರ ಮಣಿಕಟ್ಟಿನಲ್ಲೂ ಒಂದು ಪುಟ್ಟ ದೀಪ ಕೂರಿಸಿರುತ್ತಿದ್ದರು; ಮೈಯೊಳಗೆ ಉರಿಯೂತ ಏರಿದರೆ ಸಾಕು, ಅದು ಕೆಂಪಾಗಿ ಹತ್ತಿರದ ನಂಟರಿಗೆ ಸುದ್ದಿ ಮುಟ್ಟುತ್ತಿತ್ತು. ಕಿಡ್ನಿ ಕೈಕೊಟ್ಟಿದ್ದ ಈರಭದ್ರಪ್ಪನ ದೀಪವಂತೂ ಒಂಬತ್ತು ವರ್ಷದಿಂದ ದಿನಾ ಸಂಜೆ ಕೆಂಪಾಗುತ್ತಿತ್ತು. ದಿನಾ ಸಂಜೆ ಬಾಗಲಕೋಟೆಯಿಂದ ತಂಗಿ ಗುರವ್ವ ಫೋನು ಮಾಡಿ ಬೈಯುತ್ತಿದ್ದಳು. ಅವನೊಬ್ಬನೇ ಇದ್ದ ಆ ಮನೆಯಲ್ಲಿ ಮಾತೆಂದರೆ ಅದೊಂದೇ.

ಹೊಸ ಮಾತ್ರೆ ಶುರುವಾದ ಮೇಲೆ ದೀಪ ಹಸಿರಾಯಿತು. ಡಾಕ್ಟರು ಬೆನ್ನು ತಟ್ಟಿದರು. ಹನ್ನೊಂದು ದಿನ ಫೋನೇ ಬರಲಿಲ್ಲ. ತಾನೇ ಮಾಡೋಣವೆಂದರೆ, ಹುಷಾರಾಗಿರುವವನಿಗೆ ಹೇಳಿಕೊಳ್ಳಲು ಏನಿದೆ?

ಹನ್ನೆರಡನೆಯ ದಿನದಿಂದ ಅವನು ಮಾತ್ರೆಗಳನ್ನು ಬಚ್ಚಲಿಗೆ ಹಾಕತೊಡಗಿದ. ಮೂರನೆಯ ಸಂಜೆ ಫೋನು ಬಂತು.

“ಅಣ್ಣಾ, ಮತ್ತ ಕೆಂಪ ಆಗೇತಲ್ಲೋ! ಗುಳಿಗಿ ನುಂಗಿಯೋ ಇಲ್ಲೋ?”

“ನುಂಗೀನವಾ,” ಎಂದ ಈರಭದ್ರಪ್ಪ, ಕುರ್ಚಿ ಎಳೆದುಕೊಂಡು ಬೈಸಿಕೊಳ್ಳಲು ಆರಾಮಾಗಿ ಕೂತ.