ಹಿಮದ ಡೇರೆಯಲ್ಲಿ ಚೌಕಾಬಾರ

ವೈಶಾಖದ ಒಂದು ಬೆಳಗು, ಉಪ್ಪಿಟ್ಟು ತಿನ್ನುವ ಹೊತ್ತಿಗೆ ಶುರುವಾದ ಹಿಮಗಾಳಿ ಮೂರು ದಿನವಾದರೂ ನಿಲ್ಲಲಿಲ್ಲ. ಹಿಮಾಲಯದ ಆ ಡೇರೆಯಲ್ಲಿದ್ದವರು ನಾಲ್ವರು: ಗದಗಿನ ನಿವೃತ್ತ ಬಸ್ ಡ್ರೈವರ್ ಚೆನ್ನವೀರಯ್ಯ, ಅವನ ಹೆಂಡತಿ ನೀಲವ್ವ, ಅಡುಗೆಯ ಫಕ್ಕೀರಣ್ಣ, ಗೈಡ್.

ಗಾಳಿ ನಿಂತರೆ ಒಬ್ಬರನ್ನಷ್ಟೇ ಶಿಖರದ ತುದಿಗೆ ಒಯ್ಯುವುದಾಗಿ ಗೈಡ್ ಹೇಳಿದ್ದ. ಯಾರೆಂದು ತೀರ್ಮಾನಿಸಲು ಗಂಡ ಹೆಂಡತಿ ಅಕ್ಕಿಚೀಲದ ಮೇಲೆ ಇದ್ದಿಲಿನಿಂದ ಚೌಕಾಬಾರದ ಮನೆ ಬರೆದರು. ಗೆದ್ದವರು ತುದಿಗೆ.

ತುದಿ ಮುಟ್ಟಿಯೇ ಬರುವೆನೆಂದು ಚೆನ್ನವೀರಯ್ಯ ಓಣಿಗೆಲ್ಲ ಸಾರಿ ಬಂದಿದ್ದ. ಆದರೆ ತುದಿಯ ಕೆಳಗೆ ಗೋಡೆಯಂತೆ ನಿಂತ ಹಿಮ ಕಂಡಾಗಿನಿಂದ ಅವನಿಗೆ ಹತ್ತುವ ಮನಸ್ಸೇ ಉಳಿದಿರಲಿಲ್ಲ. ಆಟದಲ್ಲಿ ಸೋತರೆ ಮಾನವೂ ಉಳಿಯುತ್ತದೆ, ಜೀವವೂ ಉಳಿಯುತ್ತದೆ. ಎದುರಿನವರ ಒಂದು ಕಾಯಿಯನ್ನಾದರೂ ಹೊಡೆಯದೆ ಹೊರಸುತ್ತು ಬಿಟ್ಟು ಒಳಮನೆಗೆ ಹೋಗುವಂತಿಲ್ಲ, ಗೆಲ್ಲುವಂತಿಲ್ಲ ಎಂಬುದು ಆಟದ ಕಟ್ಟಳೆ. ಅವನು ಹೆಂಡತಿಯ ಒಂದು ಕಾಯಿಯನ್ನೂ ಹೊಡೆಯಲಿಲ್ಲ.

"ಅಲ್ಲಿ ಹೊಡೀಬಹುದಿತ್ತಲ್ರೀ," ಎಂದಳು ನೀಲವ್ವ.

"ನಿನ್ನ ಕಾಯಿ ಹೊಡ್ಯಾಕ ಮನಸ್ಸು ಬರೂದಿಲ್ಲ. ನೀನ ಹೊಡಿ."

"ಗಂಡನ ಕಾಯಿ ನಾ ಹೆಂಗ ಹೊಡೀಲಿ?"

ನಲವತ್ತು ವರ್ಷದಲ್ಲಿ ಒಂದು ಮಾತಿಗೂ ಸೋಲದ ಹೆಂಗಸು. ಅವನು ಅವಳ ಮುಖ ನೋಡಿದ.

"ನಿನಗೂ ಅಂಜಿಕಿ ಏನ?" ಎಂದು ಪಿಸುಗುಟ್ಟಿದ.

"ಸುಮ್ನ ಆಡ್ರಿ," ಎಂದು ಅವಳು ನಗು ನುಂಗಿದಳು.

"ಎರಡು ದಿನದಿಂದ ಹೊರಸುತ್ತಿನಾಗ ಸುತ್ತಾಕತ್ತೀರಿ," ಎನ್ನುತ್ತ ಫಕ್ಕೀರಣ್ಣ ಒಲೆ ಬಿಟ್ಟು ಬಂದ. "ನನಗೂ ನಾಕು ಕಾಯಿ ಕೊಡ್ರಿ, ಹೊತ್ತರ ಹೋಗ್ತದ."

ಗುರುವಾರ ನಸುಕಿನಲ್ಲಿ ಗಾಳಿ ನಿಂತಿತು; ಗಂಡ ಹೆಂಡತಿ ಬಿಸಿನೀರು ಕಾಸಿ ಕೊಟ್ಟರು, ಹನ್ನೆರಡು ವರ್ಷ ಕೆಳಗೇ ಕೂತು ಅಡುಗೆ ಮಾಡಿದ್ದ ಫಕ್ಕೀರಣ್ಣ ಸೊಂಟಕ್ಕೆ ಹಗ್ಗ ಬಿಗಿದು ತುದಿಗೆ ಹೊರಟ.