ಕೇಳಿಸದ ಕರೆ

ಹೈಸ್ಕೂಲು ಮುಗಿಯುವ ತನಕ ಒಂದೇ ತರಗತಿಯ ಮಕ್ಕಳಲ್ಲಿ ಒಬ್ಬರ ಮನಸ್ಸಿನ ಮಾತು ಇನ್ನೊಬ್ಬರಿಗೆ ಕೇಳಿಸುತ್ತಿತ್ತು. ಶಿವಲೀಲಾಳ ಅಜ್ಜಿ ತೀರಿಕೊಂಡ ದಿನ, ಅವಳು ಬಾಯಿ ಬಿಡುವ ಮೊದಲೇ ಇಡೀ ತರಗತಿ ಊಟದ ಡಬ್ಬಿ ಮುಚ್ಚಿಟ್ಟಿತ್ತು. ಗೆಳತಿ ಮುಬೀನಾ ಮನೆತನಕ ಜೊತೆಗೆ ಬಂದಿದ್ದಳು.

ಕಾಲೇಜು ಸೇರುವವರಿಗೆ ಆ ಸಂಪರ್ಕ ಕತ್ತರಿಸುವುದು ನಿಯಮ. ಧಾರವಾಡದ ಕಾಲೇಜಿನಲ್ಲಿ ಶಿವಲೀಲಾಳಿಗೆ ಹೊಸ ಗೆಳತಿಯರು ಸಿಕ್ಕರು, ಕ್ಯಾಂಟೀನಿನ ಹರಟೆ ಸಿಕ್ಕಿತು. ತನ್ನ ಯೋಚನೆ ತನಗಷ್ಟೇ ಕೇಳಿಸುವುದು ಹಿತವೆನಿಸಿತು. ಅಲ್ಲೂ ಅವಳ ತರಗತಿಯಲ್ಲೇ ಇದ್ದ ಮುಬೀನಾ ಒಂದು ವಾರ ಬಾರದಿದ್ದಾಗ, ಬೇಕೆಂದೇ ಕ್ಲಾಸು ತಪ್ಪಿಸಿರಬೇಕು ಎಂದುಕೊಂಡು ಸುಮ್ಮನಾದಳು.

ಸೋಮವಾರ ಮುಬೀನಾ ಬಂದಳು. ಅವಳ ಕಣ್ಣುಗಳು ಬಾತುಕೊಂಡಿದ್ದವು.

“ಎಲ್ಲಿ ಹೋಗಿದ್ದಿ ಇಷ್ಟ ದಿನ?” ಎಂದಳು ಶಿವಲೀಲಾ.

“ನಮ್ಮ ಅಬ್ಬಾ ತೀರಕೊಂಡ್ರು. ಆಸ್ಪತ್ರ್ಯಾಗ ಕುಂತು ನಿನ್ನ ಕರದೆ. ಮನಸಿನ್ಯಾಗ, ಮೊದಲಿನಂಗ.”

“ನನಗ ಕೇಳಸಲಿಲ್ಲ, ಮುಬೀನಾ.”

“ಗೊತ್ತೈತಿ. ಆದ್ರೂ ಬರ್ತಿ ಅಂತ ಬಾಗಲಾ ನೋಡ್ಕೊಂತ ಕುಂತಿದ್ದೆ.”

ಶಿವಲೀಲಾ ಅವಳ ಕೈ ಹಿಡಿಯಬೇಕೆಂದುಕೊಂಡಳು. ಅದು ಅವಳಿಗೆ ಬೇಕೋ ಬೇಡವೋ ತಿಳಿಯಲಿಲ್ಲ. ಹೇಗೆ ಕೇಳಬೇಕೆಂಬುದೂ ಗೊತ್ತಿರಲಿಲ್ಲ. ಗೆಳತಿಯ ಸಂಕಟವನ್ನು ಬಾಯಿಬಿಟ್ಟು ಕೇಳುವ ಪ್ರಸಂಗ ಇಷ್ಟು ವರ್ಷ ಬಂದೇ ಇರಲಿಲ್ಲ. ಅಷ್ಟರಲ್ಲಿ ಗಂಟೆ ಹೊಡೆಯಿತು. ಮುಬೀನಾ ಹಿಂದಿನ ಬೆಂಚಿಗೆ ಹೋಗಿ ಕೂತಳು.